ಬಂಗಿನ ಮನುಷ್ಯ

ಮೂಗಿನ ಎರಡೂ ಕಡೆ, ಕೆನ್ನೆಯ ಮೇಲೆ, ಡಿಕಾಕ್ಷನ್ ಚೆಲ್ಲಿ ಅರೆಬರೆ ಒರೆಸಿದ ಹಾಗೆ ಕಂದು ಕಲೆ. ನಾನು ಗಮನಿಸಿಯೇ ಇರಲಿಲ್ಲ. ಕ್ಷೌರದಂಗಡಿಯವನೇ ಮೊದಲು ಹೇಳಿದ್ದು: "ಸಾರ್, ಬಂಗು ಬಂದಿದೆ." ಬಂಗು ಹೆಂಗಸರ ಸ್ವತ್ತು ಎಂದು ತಿಳಿದಿದ್ದ ನನಗೆ ಅವಮಾನವೇ ಆಯಿತು. ಹೆಂಡತಿಗೆ ಮಾತ್ರ ಒಳಗೊಳಗೇ ಖುಷಿ. ಬಸುರಿಯಾಗಿದ್ದಾಗ ಅವಳ ಕೆನ್ನೆಗೂ ಬಂಗು ಬಂದಿತ್ತು, ಆಗ "ಮುಖ ಸರಿಯಾಗಿ ತೊಳೆದಿಲ್ವಾ?" ಎಂದು ಕೇಳಿದ ಮಹಾನುಭಾವ ನಾನೇ.

ಸರಸ್ವತಿಪುರಂನ ಚಿಕ್ಕಮ್ಮ ಫೋನಿನಲ್ಲೇ ಔಷಧ ಹೇಳಿದರು. "ಗಂಧ ತೇಯ್ದು ಹಚ್ಚೋ." ನಾಲ್ವಡಿಯವರ ಕಾಲದಲ್ಲೇ ಗಂಧದೆಣ್ಣೆ ಕಾರ್ಖಾನೆ ಕಂಡ ಊರು ನಮ್ಮ ಮೈಸೂರು, ಸರಿ. ಆದರೆ ನಮ್ಮ ಮನೆಯ ಗಂಧದ ಕೊರಡು ಸವೆದು ಹೆಬ್ಬೆರಳಿನಷ್ಟಾಗಿದೆ, ಅದೂ ದೇವರ ಪಾಲು. "ಹಾಗಾದ್ರೆ ನಿಂಬೆಹಣ್ಣು ತಿಕ್ಕು." ತಿಕ್ಕಿಕೊಂಡೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂಬತ್ತರ ಬಿಸಿಲಲ್ಲಿ ಎರಡು ಸುತ್ತು ಹಾಕಿದೆ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆಂದು ಆಗ ಗೊತ್ತಿರಲಿಲ್ಲ. ಡಿಕಾಕ್ಷನ್ ಸ್ಟ್ರಾಂಗ್ ಆಯಿತು.

ಮುಂದೆ ದೇವರಾಜ ಮಾರುಕಟ್ಟೆ ಕಡೆಯ ಗ್ರಂಧಿಗೆ ಅಂಗಡಿ. ಜ್ಯೇಷ್ಠಮಧು ಕೇಳಿದೆ. "ಗಂಟಲಿಗಾ ಸಾರ್, ಹಾಡ್ತೀರಾ?" ಎಂದ. "ಇಲ್ಲಪ್ಪ, ಮುಖಕ್ಕೆ." ಐವತ್ತು ಗ್ರಾಂ ಕೇಳಿದ್ದೆ, ಮುಖವನ್ನೊಮ್ಮೆ ದಿಟ್ಟಿಸಿ ನೂರು ಗ್ರಾಂ ಕಟ್ಟಿಕೊಟ್ಟ.

ಕೊನೆಗೆ ಚರ್ಮದ ಡಾಕ್ಟರು. ನನ್ನ ಮಗಳ ವಯಸ್ಸಿನ ಹುಡುಗಿ. ಜ್ಯೇಷ್ಠಮಧು ಎಂದರೆ ನಗುತ್ತಾಳೆಂದುಕೊಂಡೆ, ನಗಲಿಲ್ಲ. ಅದರಲ್ಲಿರುವ ಗ್ಲಾಬ್ರಿಡಿನ್, ಬಣ್ಣ ತಯಾರಿಸುವ ಟೈರೋಸಿನೇಸ್ ಕಿಣ್ವವನ್ನು ಕಟ್ಟಿಹಾಕುತ್ತದಂತೆ. "ಆದ್ರೆ ಬೇರು ಅರೆದು ಮೆತ್ತಿದ್ರೆ ಚರ್ಮದೊಳಗೆ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಸಿಗಲ್ಲ ಅಂಕಲ್." ಯಾರೋ ಹೇಳಿದರೆಂದು ನಾನು ತಂದಿಟ್ಟುಕೊಂಡಿದ್ದ ಟ್ಯೂಬನ್ನು ಮಾತ್ರ ನೇರ ಕಸದ ಬುಟ್ಟಿಗೆ ಹಾಕಿದಳು. ಸ್ಟಿರಾಯ್ಡ್ ಬೆರೆತದ್ದು, ಬೇಗ ಬೆಳ್ಳಗೆ ಮಾಡಿ, ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡುವ ಜಾತಿ.

ಬರೆದುಕೊಟ್ಟದ್ದು ಸೌಮ್ಯವಾದ ಎರಡು. ಅಜೆಲಾಯಿಕ್ ಆಮ್ಲ, ನಿಯಾಸಿನಮೈಡ್. ಮೊದಲನೆಯದು ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಎರಡನೆಯದು, ಅಂದರೆ ಬಿ3 ಜೀವಸತ್ವದ ಒಂದು ರೂಪ, ತಯಾರಾದ ಬಣ್ಣ ಮೇಲಿನ ಜೀವಕೋಶಗಳಿಗೆ ಸಾಗದಂತೆ ನೋಡಿಕೊಳ್ಳುತ್ತದೆ. ಒಂದು ಕಾರ್ಖಾನೆ ಮುಷ್ಕರ, ಇನ್ನೊಂದು ಲಾರಿ ಮುಷ್ಕರ. ಈ ಅಜೆಲಾಯಿಕ್ ಆಮ್ಲವನ್ನು, ಬೆನ್ನಿನ ಮೇಲೆ ಚಿಬ್ಬು ಎಬ್ಬಿಸುವ ಶಿಲೀಂಧ್ರವೂ ತಯಾರಿಸುತ್ತದಂತೆ. ಚಿಕ್ಕಂದಿನಲ್ಲಿ ನನ್ನ ಬೆನ್ನ ತುಂಬ ಚಿಬ್ಬು, ಅಂಗಿ ಬಿಚ್ಚಲು ನಾಚಿಕೆ. ಆಗ ಬಿಟ್ಟಿ ಸಿಗುತ್ತಿದ್ದದ್ದಕ್ಕೆ ಈಗ ದುಡ್ಡು ಕೊಡುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಸನ್‌ಸ್ಕ್ರೀನ್. ಎರಡು ಬೆರಳುದ್ದ ಹಚ್ಚಬೇಕು, ಅದೂ ಐರನ್ ಆಕ್ಸೈಡ್ ಇರುವ ಬಣ್ಣದ್ದೇ. ಬಂಗಿಗೆ ಬಿಸಿಲಿನ ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಆಗದು. ಹಚ್ಚಿಕೊಂಡು ಕೆರೆ ಏರಿಗೆ ಹೋದ ಮೊದಲ ದಿನವೇ ವಾಕಿಂಗ್ ಗೆಳೆಯರು ಕೇಳಿದರು: "ಯಾವ ನಾಟಕ ಸ್ವಾಮಿ, ರಂಗಾಯಣದಲ್ಲಾ?"

ಹನ್ನೆರಡು ವಾರವಾದರೂ ಬೇಕು ಎಂದಿದ್ದಳು ಡಾಕ್ಟರ್ ಹುಡುಗಿ. ಒಂಬತ್ತು ಮುಗಿದಿವೆ. ಕಲೆ ತಿಳಿಯಾಗಿದೆ ಎನ್ನುತ್ತೇನೆ ನಾನು. ಕನ್ನಡಕದ ನಂಬರ್ ಬದಲಾಗಿದೆ ಎನ್ನುತ್ತಾಳೆ ಹೆಂಡತಿ. ಜ್ಯೇಷ್ಠಮಧು ನೂರು ಗ್ರಾಂ ಕಟ್ಟು ಬಿಚ್ಚದೆ ಹಾಗೇ ಇದೆ. ಹಾಡುವವರು ಯಾರಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಿ.