ಛೆ-ರಸ ವಿಚಾರ

ಭರತಮುನಿ ಎಣಿಸಿದ ರಸ ಎಂಟು. ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಹತ್ತನೆಯ ಜಾಗಕ್ಕೆ ಭಕ್ತಿ, ವಾತ್ಸಲ್ಯ ಮುಂತಾದವು ಶತಮಾನಗಳಿಂದ ಅರ್ಜಿ ಹಿಡಿದು ನಿಂತಿವೆ. ಆ ಸರತಿಯನ್ನು ಮುರಿದು ಪ್ರಕೃತ ಲೇಖಕನು ಒಳನುಗ್ಗಿಸುತ್ತಿರುವುದು 'ಛೆ-ರಸ'ವನ್ನು. ಇದರ ಸ್ಥಾಯಿಭಾವ ಮರುಕ. ಅನುಭಾವ, ಹಣೆ ಚಚ್ಚಿಕೊಳ್ಳುವುದು. ಸಾತ್ತ್ವಿಕಭಾವ ಸ್ತಂಭ, ಅಂದರೆ, ಹಣೆ ಚಚ್ಚಿಕೊಂಡ ಮೇಲೂ ಕುರ್ಚಿಯಿಂದ ಏಳಲಾಗದಿರುವುದು. ಲಕ್ಷ್ಯಕ್ಕಾಗಿ ಆಂಡ್ರೂ ನಿಕೋಲ್ ಬರೆದು ನಿರ್ದೇಶಿಸಿದ 2011ರ 'ಇನ್ ಟೈಮ್' ಚಿತ್ರವನ್ನು ಎತ್ತಿಕೊಳ್ಳಲಾಗಿದೆ.

ಆ ಲೋಕದಲ್ಲಿ ಎಲ್ಲರಿಗೂ ವಯಸ್ಸು ಇಪ್ಪತ್ತೈದಕ್ಕೆ ನಿಲ್ಲುತ್ತದೆ. ಅಂದಿನಿಂದ ಮುಂಗೈಯ ಮೇಲಿನ ಹಸಿರು ಅಂಕಿಗಳು ಇಳಿಯತೊಡಗುತ್ತವೆ. ಆರಂಭದ ಬಂಡವಾಳ ಒಂದು ವರ್ಷ. ಕಾಲವೇ ಕಾಸು. ಕೂಲಿ, ಬಾಡಿಗೆ, ಸಾಲ, ಬಡ್ಡಿ ಎಲ್ಲವೂ ಗಂಟೆ ನಿಮಿಷಗಳಲ್ಲೇ. ಅಂಕಿ ಸೊನ್ನೆಯಾದರೆ ಆಸಾಮಿ ನಿಂತಲ್ಲೇ ಖಲಾಸ್. ಕಾಫಿಗೆ ನಾಲ್ಕು ನಿಮಿಷ, ನಿನ್ನೆ ಮೂರೇ ಇತ್ತು. ಚಿತ್ರದ ಅವಧಿ 109 ನಿಮಿಷ. ಅಲ್ಲಿನ ದರದಲ್ಲಿ 27 ಲೋಟ ಕಾಫಿ, ಒಂದು ನಿಮಿಷ ಚಿಲ್ಲರೆ ವಾಪಸ್.

ನಾಯಕ ವಿಲ್‌ನ ತಾಯಿ ಬಸ್ಸು ಹತ್ತುತ್ತಾಳೆ. ಒಂದು ಗಂಟೆಯಿದ್ದ ಟಿಕೆಟ್ಟು ಎರಡಾಗಿದೆ. ಕೈಯಲ್ಲಿರುವುದು ಒಂದೂವರೆ, ನಡೆದರೆ ಎರಡು ಗಂಟೆಯ ದಾರಿ. ಓಡುತ್ತಾಳೆ. ಆ ಕಡೆಯಿಂದ ಮಗನೂ ಓಡಿ ಬರುತ್ತಾನೆ. ಅಪ್ಪಿಕೊಳ್ಳುವಷ್ಟರಲ್ಲಿ ಲೆಕ್ಕ ಚುಕ್ತಾ. ಇಲ್ಲಿ ಲೇಖಕನು ಪೆನ್ನು ಕೆಳಗಿಟ್ಟದ್ದನ್ನು ಒಪ್ಪಬೇಕು. ತಾಯಿಯಾಗಿರುವ ಒಲಿವಿಯಾ ವೈಲ್ಡ್ ಮಗನಾಗಿರುವ ಜಸ್ಟಿನ್ ಟಿಂಬರ್‌ಲೇಕ್‌ಗಿಂತ ಮೂರು ವರ್ಷ ಕಿರಿಯರು. ನಮ್ಮ ಚಿತ್ರಗಳಲ್ಲಾದರೆ ಇದು ದೋಷ, ಇಲ್ಲಿ ಶಾಸ್ತ್ರೋಕ್ತ. ಮುಂದೆ ಶ್ರೀಮಂತ ವೈಸ್ ತನ್ನ ಅತ್ತೆ, ಹೆಂಡತಿ, ಮಗಳನ್ನು ಸಾಲಾಗಿ ನಿಲ್ಲಿಸಿ ಪರಿಚಯಿಸುವಾಗ ಮೂವರೂ ಓರಗೆಯವರಂತೆ ಕಾಣುತ್ತಾರೆ. ಆ ಒಂದು ಮನೆಯೊಳಗೇ ಇಡೀ ಚಿತ್ರ ನಡೆಯಬಹುದಿತ್ತು. ನಿರ್ದೇಶಕರು ಬಾಗಿಲು ತೆರೆದು, ಇಣುಕಿ, ಕಾರು ಹತ್ತಿ ಹೊರಟುಬಿಡುತ್ತಾರೆ. ಛೆ!

ಪೂರ್ವಪಕ್ಷ: 1997ರಲ್ಲಿ 'ಗಟ್ಟಾಕಾ' ಮಾಡಿದವರು, 'ದ ಟ್ರೂಮನ್ ಶೋ' ಬರೆದವರು ಇಲ್ಲೇಕೆ ಎಡವಿದರು? ಸಮಾಧಾನ: ಬೆನ್ನಟ್ಟುವಿಕೆಯಿಂದ. ಉತ್ತರಾರ್ಧವೆಲ್ಲ ಬ್ಯಾಂಕ್ ದರೋಡೆ, ಓಟ, ಮತ್ತೆ ಓಟ. ವಿಲ್‌ನ ಜೊತೆಗೆ ವೈಸ್‌ನ ಮಗಳು ಸಿಲ್ವಿಯಾ ಹೈಹೀಲ್ಡ್ ಹಾಕಿಕೊಂಡೇ ಓಡುತ್ತಾಳೆ. ಮಾತುಮಾತಿಗೂ ಕಾಲದ ಮೇಲೆ ಶ್ಲೇಷೆ. ಈ ವ್ಯವಸ್ಥೆ ಹುಟ್ಟಿದ್ದು ಹೇಗೆಂದರೆ, ಅದನ್ನು ಯೋಚಿಸಲು ತನಗೆ ಸಮಯವಿಲ್ಲವೆಂದು ನಾಯಕ ಮೊದಲಿಗೇ ಹೇಳಿಬಿಡುತ್ತಾನೆ. ಮಾಯೆಯನ್ನು ಅನಿರ್ವಚನೀಯವೆಂದು ಸ್ಥಾಪಿಸಲು ಅದ್ವೈತಿಗಳಿಗೆ ಎಷ್ಟು ಗ್ರಂಥಗಳು ಬೇಕಾದವು!

ಸಿದ್ಧಾಂತ: ಪರಿಪೂರ್ಣ ಚಿತ್ರವು ಪ್ರೇಕ್ಷಕನನ್ನು ನಿರುದ್ಯೋಗಿಯಾಗಿಸುತ್ತದೆ. 'ಗಟ್ಟಾಕಾ' ನೋಡಿದವನು ತೆಪ್ಪಗೆ ಮಲಗುತ್ತಾನೆ. 'ಇನ್ ಟೈಮ್' ನೋಡಿದವನಿಗೆ ಮಧ್ಯರಾತ್ರಿಯವರೆಗೂ ಕೈತುಂಬ ಕೆಲಸ. ಇವರಿಬ್ಬರೂ ದೋಚಿದ ಹತ್ತು ಲಕ್ಷ ವರ್ಷಗಳನ್ನು ಬಡವರಿಗೆ ಹಂಚಿದ ಮರುದಿನ ಕಾಫಿ ಎಷ್ಟು ನಿಮಿಷ? ದಿನಗೂಲಿಯವನು ನಿದ್ದೆ ಮಾಡುವ ಧೈರ್ಯ ಎಲ್ಲಿಂದ ತರುತ್ತಾನೆ? ನೂರು ವರ್ಷದ ಅತ್ತೆ ಇಪ್ಪತ್ತೈದರ ಮುಖ ಹೊತ್ತು ಅಳಿಯನಿಗೆ ಬುದ್ಧಿ ಹೇಳುವುದು ಹೇಗೆ? ಹೇಳದೆ ಹೊಳೆಯಿಸುವುದೇ ಧ್ವನಿ ಎಂದ ಆನಂದವರ್ಧನ, ಹೇಳಲು ಮರೆತದ್ದೂ ಹೊಳೆದರೆ ಏನೆನ್ನಬೇಕೆಂದು ತಿಳಿಸದೆ ಹೋಗಿದ್ದಾನೆ. ಆ ಕೊರತೆಯನ್ನು ಈ ಪ್ರಬಂಧ ತುಂಬುತ್ತದೆ.

ಉಳಿದದ್ದು ಕಾಲಪಾಲಕ, ಅಂದರೆ ಆ ಲೋಕದ ಪೊಲೀಸ್, ಲಿಯಾನ್. ಆಗಬಹುದಾಗಿದ್ದ ಆ ಒಳ್ಳೆಯ ಚಿತ್ರದಲ್ಲೇ ತಾನಿರುವುದೆಂದು ನಂಬಿ ನಟಿಸಿದವರು ಆ ಪಾತ್ರದ ಕಿಲಿಯನ್ ಮರ್ಫಿ ಒಬ್ಬರೇ. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಭರದಲ್ಲಿ ಲಿಯಾನ್ ತನ್ನ ಅಂದಿನ ಭತ್ಯೆ ಪಡೆಯುವುದನ್ನೇ ಮರೆತು, ಹಿಡಿದ ಕಳ್ಳರ ಎದುರಿಗೇ ಸಾಯುತ್ತಾನೆ. ಇದು ಚಿತ್ರಕಥೆ ಕೈಕೊಟ್ಟ ಜಾಗವೆಂದು ಪೂರ್ವಪಕ್ಷಿಗಳ ಆಕ್ಷೇಪ. ಸರ್ಕಾರಿ ಕಚೇರಿಯಲ್ಲಿ ಟಿ.ಎ., ಡಿ.ಎ. ಬಿಲ್ಲು ಹಾಕಿ ಕಾದವರ ಪ್ರಕಾರ ಇಡೀ ಚಿತ್ರದಲ್ಲಿ ನಂಬಬಹುದಾದದ್ದು ಅದೊಂದೇ.