ಅಂಕೆಯ ಊರು, ಅಂಕುಡೊಂಕಿನ ಊರು
ನಗರಸೌಂದರ್ಯದ ಮೀಮಾಂಸೆಗೆ ನಾನು ಅಧಿಕಾರಿಯಲ್ಲವಾದರೂ, ದಾರಿ ತಪ್ಪುವುದರಲ್ಲಿ ಗಳಿಸಿರುವ ಪಾಂಡಿತ್ಯದ ಬಲದಿಂದ ಎರಡು ಮಾತು ಹೇಳಬಯಸುತ್ತೇನೆ. 1811ರಲ್ಲಿ ಮೂವರು ಆಯುಕ್ತರು ಮ್ಯಾನ್‌ಹಟನ್ ದ್ವೀಪದ ನಕ್ಷೆಯ ಮೇಲೆ 12 ರಾಜಮಾರ್ಗಗಳನ್ನೂ 155 ಅಡ್ಡಬೀದಿಗಳನ್ನೂ ಚದುರಂಗದ ಮಣೆಯಂತೆ ಗೀರಿ, ಅವುಗಳಿಗೆ ಸಂಖ್ಯೆಗಳನ್ನೇ ಹೆಸರಾಗಿ ಇಟ್ಟುಬಿಟ್ಟುದರಿಂದ, ನ್ಯೂಯಾರ್ಕಿನಲ್ಲಿ ಎಣಿಕೆ ಬಲ್ಲವನು ದಾರಿ ತಪ್ಪಲಾರನು. ಅವರಿಗಿಂತ ಹಳೆಯದಾದ ಬ್ರಾಡ್‌ವೇ ಒಂದು ಮಾತ್ರ, ಮೇಷ್ಟರ ಕಣ್ಣು ತಪ್ಪಿಸಿ ಹೊರಟ ತುಂಟ ಹುಡುಗನಂತೆ, ಆ ಶಿಸ್ತನ್ನೆಲ್ಲ ಓರೆಯಾಗಿ ದಾಟಿಹೋಗುತ್ತದೆ. ವೆನಿಸ್ಸಿನ ಓಣಿಗಳಾದರೋ, ಬೆಕ್ಕಿನ ಹೆಜ್ಜೆಯನ್ನನುಸರಿಸಿ ಹುಟ್ಟಿದುವೇನೋ ಎಂಬಂತೆ ಸುತ್ತಿ ಸುಳಿದು, ಸೇತುವೆಯೊಂದನ್ನು ಹತ್ತಿಸಿ ಇಳಿಸಿ, ಕೊನೆಗೆ ಯಾವ ಮುನ್ಸೂಚನೆಯೂ ಇಲ್ಲದೆ ನಮ್ಮನ್ನು ಕಾಲುವೆಯ ಅಂಚಿಗೆ ತಂದು ನಿಲ್ಲಿಸುತ್ತವೆ. ಎಂಪೈರ್ ಸ್ಟೇಟ್ ಕಟ್ಟಡದ 102 ಅಂತಸ್ತುಗಳನ್ನು ಎಣಿಸಹೊರಟು ಕತ್ತು ಉಳುಕಿಸಿಕೊಂಡ ನಾನು ವೆನಿಸ್ಸಿನ ಪಕ್ಷಪಾತಿ. ಈಜು ಬಾರದ ಓದುಗರು ನ್ಯೂಯಾರ್ಕಿಗೇ ಹೋಗುವುದು ಲೇಸು.