ನಿತ್ಯ ಪ್ರಾರ್ಥನೆ ಮತ್ತು ಆಕಳಿಕೆ

ದಿನಾಲೂ ತಪ್ಪದೆ ಪ್ರಾರ್ಥನೆ ಮಾಡಬೇಕೆಂಬ ಸಂಕಲ್ಪ ಕ್ರೈಸ್ತರಲ್ಲಿ ಸಾಮಾನ್ಯವಾಗಿ ಮೂರು ಕಾಲದಲ್ಲಿ ಹುಟ್ಟುತ್ತದೆ: ಡಿಸೆಂಬರ್ 31ರ ನಡುರಾತ್ರಿಯ ಆರಾಧನೆಯಲ್ಲಿ, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದಂದು, ಮತ್ತು ಮನೆಯಲ್ಲಿ ಯಾರಾದರೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಾಗ. ಮೊದಲನೆಯದು ಸಂಕ್ರಾಂತಿಯವರೆಗೆ ಬಾಳಿದರೆ ಹೆಚ್ಚು. ಎರಡನೆಯದಕ್ಕೆ ಈಸ್ಟರ್ ಗಡುವು. ಮೂರನೆಯದು ಮಾತ್ರ ಗಟ್ಟಿ, ಏಕೆಂದರೆ ಪರೀಕ್ಷೆ ಮುಗಿದ ಮೇಲೂ ಫಲಿತಾಂಶ ಬಾಕಿ ಇರುತ್ತದೆ.

ಸಂಕಲ್ಪ ಮಾಡಿದವರಿಗೆ ಮೊದಲು ಎದುರಾಗುವುದು ಹೊತ್ತಿನ ಪ್ರಶ್ನೆ. ಬೈಬಲಿನಲ್ಲಿ ಇದಕ್ಕೆ ಮಾದರಿಗಳ ಬರವಿಲ್ಲ. ದಾನಿಯೇಲನು ಜೆರುಸಲೇಮಿನ ಕಡೆಗಿದ್ದ ಕಿಟಕಿ ತೆರೆದಿಟ್ಟು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. 119ನೇ ಕೀರ್ತನೆಯ ಕವಿ ಏಳು ಸಲದ ಲೆಕ್ಕ ಕೊಡುತ್ತಾನೆ. ಪೇತ್ರನು ನಡುಮಧ್ಯಾಹ್ನ ಪ್ರಾರ್ಥನೆಗೆಂದು ಮಾಳಿಗೆ ಹತ್ತಿದಾಗ ಅವನಿಗೆ ಬಹಳ ಹಸಿವಾಯಿತು. ಅಡುಗೆ ಇನ್ನೂ ಆಗುತ್ತಿರುವಾಗಲೇ ಆಕಾಶದಿಂದ ದೊಡ್ಡ ದುಪ್ಪಟಿಯೊಂದು ಇಳಿದು, ಅದರೊಳಗೆ ಎಲ್ಲ ಬಗೆಯ ಪ್ರಾಣಿಗಳು ಕಂಡವು ಎಂದು ಅಪೊಸ್ತಲರ ಕೃತ್ಯಗಳ ಹತ್ತನೇ ಅಧ್ಯಾಯ ಹೇಳುತ್ತದೆ. ಆ ದರ್ಶನ ಸಭೆಯ ದಾರಿಯನ್ನೇ ಬದಲಿಸಿತು, ಅದರ ಅರ್ಥ ದೊಡ್ಡದು. ಆದರೂ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಮನಸ್ಸು ಎತ್ತ ಹರಿಯುತ್ತದೆಂದು ತಿಳಿಯಬಯಸುವವರು ಆ ಅಧ್ಯಾಯವನ್ನು ಓದಬಹುದು.

ಆರಂಭದ ಸಭೆಯ ಕೈಪಿಡಿಯಾದ ‘ದಿದಖೆ’ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿಸಿತು. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಹಗಲಿಗೆ ಏಳು, ರಾತ್ರಿಗೆ ಒಂದು ಎಂದು ಗೊತ್ತುಮಾಡಿದರು. 1549ರಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಅವನ್ನೆಲ್ಲ ಬೆಳಗು, ಸಂಜೆ ಎಂದು ಎರಡಕ್ಕೆ ಇಳಿಸಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕೆಲಸಕ್ಕೆ ಹೋಗುವ ವಿಶ್ವಾಸಿ ಅದನ್ನೂ ಒಂದಕ್ಕೆ ಇಳಿಸಿ, ಆ ಒಂದನ್ನು ಸಿಗ್ನಲ್ಲಿನಲ್ಲಿ ಮುಗಿಸುತ್ತಾನೆ. ಅಲ್ಲಿನ ಸಿಗ್ನಲ್ಲುಗಳ ಉದ್ದ ನೋಡಿದರೆ ಪ್ರಾರ್ಥನೆಗೆ ಅನ್ಯಾಯವಾಯಿತು ಎನ್ನುವಂತಿಲ್ಲ.

ಹೊತ್ತು ಗೊತ್ತಾದ ಮೇಲೆ ಬರುವುದು ನಿದ್ದೆ. ಗೆತ್ಸೆಮನೆ ತೋಟದಲ್ಲಿ ಒಂದು ಗಂಟೆ ಎಚ್ಚರವಿರಲು ಸ್ವತಃ ಯೇಸುವಿನ ಶಿಷ್ಯರಿಗೇ ಆಗಲಿಲ್ಲ. ಇದನ್ನು ಚೆನ್ನಾಗಿ ಅರಿತವರೆಂದರೆ ಬೆನೆಡಿಕ್ಟರು. ಅವರ ನಿಯಮದ ಅರ್ಧ ಜಾಣತನ ಮನುಷ್ಯನ ಹಾಸಿಗೆಪ್ರೀತಿಯನ್ನು ಒಪ್ಪಿಕೊಂಡು ಹೊರಟದ್ದರಲ್ಲಿದೆ. ಸನ್ಯಾಸಿಗಳು ತಡಮಾಡದೆ ಏಳಲೆಂದು ಉಟ್ಟ ಬಟ್ಟೆಯಲ್ಲೇ, ಸೊಂಟಪಟ್ಟಿ ಬಿಗಿದುಕೊಂಡೇ ಮಲಗಬೇಕು; ನಿದ್ದೆಗಣ್ಣಿನಲ್ಲಿ ಗಾಯವಾಗದಂತೆ ಚಾಕುವನ್ನು ಮಾತ್ರ ಬಿಚ್ಚಿಡಬೇಕು. ಏಳುವಾಗ ಒಬ್ಬರನ್ನೊಬ್ಬರು ಮೆತ್ತಗೆ ಹುರಿದುಂಬಿಸಬೇಕು, ಏಕೆಂದರೆ ನಿದ್ದೆಬಡುಕರ ಬಳಿ ನೆಪಗಳು ಬಹಳ. ರಾತ್ರಿಯ ಪ್ರಾರ್ಥನೆ ತೆರೆಯುವ ಕೀರ್ತನೆಯನ್ನು ಬೇಕೆಂದೇ ಎಳೆದೆಳೆದು ಹಾಡಬೇಕು: ಓಡಿ ಬರುವವರು ಅದು ಮುಗಿಯುವುದರೊಳಗೆ ಬಂದು ಸೇರಲಿ ಎಂದು. ಅದಕ್ಕೂ ತಡವಾದವನನ್ನು ಹೊರಗೆ ನಿಲ್ಲಿಸಕೂಡದು. ನಿಲ್ಲಿಸಿದರೆ ಅವನು ವಾಪಸು ಹೋಗಿ ಮಲಗುತ್ತಾನೆ, ಇಲ್ಲವೇ ಅಲ್ಲೇ ಕೂತು ಹರಟುತ್ತಾನೆ. ಒಳಗೆ ಕರೆದು, ಎಲ್ಲರಿಗೂ ಕಾಣುವಂತೆ ಕೊನೆಯಲ್ಲಿ ನಿಲ್ಲಿಸಬೇಕು. ಯಾವ ಶಾಲೆಯ ಪಿ.ಟಿ. ಮಾಸ್ತರರೂ ಇದಕ್ಕಿಂತ ಒಳ್ಳೆಯ ಉಪಾಯ ಕಂಡುಹಿಡಿದಂತಿಲ್ಲ. ಕಾನ್ವೆಂಟ್ ಶಾಲೆಯ ಪುಟಾಣಿಗಳು ಇಂಗ್ಲಿಷಿನಲ್ಲಿ ಹಾಡುವ ‘ಫ್ರೆರ್ ಝಾಕ್’ ಶಿಶುಗೀತೆಯೂ ಬೆಳಗಿನ ಪ್ರಾರ್ಥನೆಯ ಗಂಟೆಗೆ ಏಳದೆ ಮಲಗಿದ ಸನ್ಯಾಸಿಯೊಬ್ಬನ ಕುರಿತದ್ದೇ.

ಎದ್ದು ಕೂತ ಮಾತ್ರಕ್ಕೆ ಮನಸ್ಸು ಕೂತಿತೆಂದಲ್ಲ. ಈಜಿಪ್ಟಿನ ಮರಳುಗಾಡಿನಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಪೊಂಟಿಕಸ್ ಇದಕ್ಕೆ ಕಾರಣವಾದ ಪಿಶಾಚಿಯನ್ನು ಹತ್ತಿರದಿಂದ ನೋಡಿದವರಂತೆ ವರ್ಣಿಸುತ್ತಾರೆ. ಅದು ಬರುವುದು ನಡುಹಗಲಿಗೆ. ಆಗ ಸೂರ್ಯ ಕದಲುವುದೇ ಇಲ್ಲವೆನಿಸುತ್ತದೆ, ದಿನಕ್ಕೆ 50 ಗಂಟೆಯಿದ್ದಂತಾಗುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಎದ್ದು ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆ ಎಂದು ಬಿಸಿಲು ಅಳೆಯುತ್ತಾನೆ, ಮಾತಿಗೆ ಯಾರಾದರೂ ಬರುತ್ತಿದ್ದಾರೋ ಎಂದು ಕತ್ತು ಉದ್ದ ಮಾಡುತ್ತಾನೆ. ಆ ಕಾಲಕ್ಕೆ ಮೊಬೈಲ್ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಾರ್ಟಿನ್ ಲೂಥರ್ 1535ರಲ್ಲಿ ಪ್ರಾರ್ಥನೆಯ ವಿಧಾನ ಕುರಿತು ಚಿಕ್ಕ ಪುಸ್ತಕವೊಂದನ್ನು ಬರೆದರು. ಬರೆದದ್ದು ಯಾವ ಪಂಡಿತನಿಗೂ ಅಲ್ಲ, ತಮ್ಮ ಕ್ಷೌರಿಕ ಪೀಟರ್ ಬೆಸ್ಕೆಂಡೋರ್ಫನಿಗೆ. ‘ಇದೊಂದು ಕೆಲಸ ಮುಗಿಸಿ ಆಮೇಲೆ ಪ್ರಾರ್ಥಿಸುತ್ತೇನೆ’ ಎಂಬ ಯೋಚನೆಯನ್ನು ಹತ್ತಿರ ಬಿಟ್ಟುಕೊಳ್ಳಬೇಡ, ಒಂದು ಕೆಲಸದ ಹಿಂದೆ ಇನ್ನೊಂದು ಬಂದು ಆ ದಿನದ ಪ್ರಾರ್ಥನೆ ಹಾರಿಹೋಗುತ್ತದೆ ಎಂದು ಅದರಲ್ಲಿ ಎಚ್ಚರಿಸುತ್ತಾರೆ. ಗಮನದ ವಿಷಯಕ್ಕೆ ಬಂದಾಗ ಉದಾಹರಣೆಯನ್ನು ಅವನ ಕಸುಬಿನಿಂದಲೇ ಎತ್ತಿಕೊಳ್ಳುತ್ತಾರೆ: ಕತ್ತಿಯ ಮೇಲೆ ಕಣ್ಣಿಡದೆ ಹರಟುವ ಕ್ಷೌರಿಕ ಗಿರಾಕಿಯ ಮೂಗನ್ನೋ ಕುತ್ತಿಗೆಯನ್ನೋ ಕುಯ್ದಾನು. ಅದೇ ಕ್ಷೌರಿಕನಿಗೆ ಆಗಾಗ ಕುತ್ತಿಗೆ ಒಡ್ಡುತ್ತಿದ್ದ ಲೂಥರ್ ಈ ಸಾಲನ್ನು ಎಷ್ಟು ಮನಃಪೂರ್ವಕ ಬರೆದಿರಬಹುದೆಂದು ಊಹಿಸಬಹುದು.

ಸ್ಥಳದ ವಿಚಾರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೆಥೊಡಿಸ್ಟ್ ಪಂಗಡದ ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಹೆತ್ತವರು, ಅವರಲ್ಲಿ ಬದುಕುಳಿದವರು ಹತ್ತು ಮಂದಿ. ಅಷ್ಟು ಮಕ್ಕಳ ಗದ್ದಲದ ನಡುವೆ ಅವರು ಏಪ್ರನ್ ಅನ್ನು ತಲೆಯ ಮೇಲೆಳೆದುಕೊಂಡು ಕೂತರೆಂದರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆಂದು ಮಕ್ಕಳು ತಿಳಿಯುತ್ತಿದ್ದರೆಂಬ ಕಥೆ ಜನರ ಬಾಯಲ್ಲಿದೆ. ನಮ್ಮಲ್ಲಿ ಸೀರೆಯ ಸೆರಗಿಗೆ ಆ ಶಕ್ತಿಯಿಲ್ಲ. ಸೆರಗು ಹೊದ್ದ ಅಮ್ಮನನ್ನೂ ‘ನನ್ನ ಇನ್ನೊಂದು ಸಾಕ್ಸ್ ಎಲ್ಲಿ?’ ಎಂದು ಕೇಳುವವರಿದ್ದಾರೆ.

ಇಷ್ಟೆಲ್ಲ ಅಡ್ಡಿಗಳಿದ್ದೂ ಪ್ರಾರ್ಥನೆ ತಲೆಮಾರುಗಟ್ಟಲೆ ತಪ್ಪದೆ ನಡೆದುಬಂದ ಮನೆಗಳಿವೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ತೇರ್ಸ್ ಎನ್ನುತ್ತಾರೆ. ‘ರಹಸ್ಯ’ ಎಂಬ ಐದು ಭಾಗ, ಒಂದೊಂದಕ್ಕೆ ಹತ್ತು ‘ನಮೋ ಮರಿಯ’ ಪ್ರಾರ್ಥನೆ. ಅರ್ಧ ಒಬ್ಬರು ಹೇಳಿದರೆ ಉಳಿದರ್ಧ ಎಲ್ಲರೂ. ಮುಂದಾಳತ್ವ ಅಜ್ಜಿಯದು. ಮೊದಲ ರಹಸ್ಯಕ್ಕೆ ಮಕ್ಕಳು ನೆಟ್ಟಗೆ ಮೊಣಕಾಲೂರಿರುತ್ತಾರೆ. ಎರಡನೆಯದಕ್ಕೆ ಹಿಮ್ಮಡಿಯ ಮೇಲೆ ಕೂತಿರುತ್ತಾರೆ. ಮೂರನೆಯದಕ್ಕೆ ಗೋಡೆ ಸಿಕ್ಕಿರುತ್ತದೆ. ನಾಲ್ಕನೆಯದಕ್ಕೆ ಒಬ್ಬ ಇನ್ನೊಬ್ಬನನ್ನು ಚಿವುಟಿ, ಇಬ್ಬರೂ ನಗು ತಡೆಯಲಾರದೆ ಕೆಮ್ಮುತ್ತಾರೆ. ಅಜ್ಜಿಯ ಕಣ್ಣು ಮುಚ್ಚಿದೆ, ಆದರೆ ಎಲ್ಲವೂ ಕಾಣುತ್ತದೆ. ಮಣಿ ಬಿಡದೆ, ರಾಗ ಬದಲಿಸದೆ, ಜಪದ ನಡುವೆಯೇ ‘ಕುಕ್ಕರ್ ನಾಲ್ಕು ಸೀಟಿ ಆಯ್ತು, ಇಳಿಸು ಬಾಯೆ’ ಎಂದು ಸೇರಿಸುವ ಕಲೆ ಅವರಿಗೆ ಸಿದ್ಧಿಸಿರುತ್ತದೆ. ಐದು ರಹಸ್ಯ ಮುಗಿದರೆ ಮುಗಿಯಲಿಲ್ಲ. ಸತ್ತ ಹಿರಿಯರಿಗೆ, ದುಬೈಯಲ್ಲಿರುವ ಮಗನಿಗೆ, ಅವನ ವೀಸಾಕ್ಕೆ, ಕೂಡಿಬರದ ಸಂಬಂಧಕ್ಕೆ, ಗಬ್ಬದ ಹಸುವಿಗೆ ಒಂದೊಂದು ಪ್ರಾರ್ಥನೆ. ಕಡೆಗೆ ಮಕ್ಕಳು ಸಾಲಾಗಿ ಬಂದು ಹಿರಿಯರ ಬಳಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವಾಗ ಸ್ವಲ್ಪ ಹೊತ್ತಿಗೆ ಮುಂಚೆ ಚಿವುಟಿದವನ ಮುಖ ಎಲ್ಲರಿಗಿಂತ ಸಾಧುವಾಗಿರುತ್ತದೆ. ಆ ನಡುವೆ ಬಂದ ನೆಂಟರು, ಸಾಲ ಕೇಳಲು ಬಂದವರು, ಸಾಲ ವಸೂಲಿಗೆ ಬಂದವರು ಎಲ್ಲರೂ ಜಗಲಿಯಲ್ಲಿ ಕಾಯುತ್ತಾರೆ.

ಪ್ರೊಟೆಸ್ಟೆಂಟರಲ್ಲಿ, ಮುಖ್ಯವಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಮನೆಗಳಲ್ಲಿ, ಇದಕ್ಕೆ ಸಮನಾದದ್ದು ಕುಟುಂಬ ಪ್ರಾರ್ಥನೆ. ಒಂದು ಸಂಗೀತ, ಒಂದು ಬೈಬಲ್ ಭಾಗ, ಬಳಿಕ ಮನಸ್ಸಿಗೆ ಬಂದ ಮಾತಿನಲ್ಲಿ ಪ್ರಾರ್ಥನೆ. ಕಟ್ಟಿಟ್ಟ ಮಾತಿಲ್ಲದಿರುವುದರಿಂದ ಇಲ್ಲಿ ಅವಕಾಶ ದೊಡ್ಡದು. ‘ಕರ್ತನೇ, ಈ ಮನೆಯಲ್ಲಿ ನಡುರಾತ್ರಿಯವರೆಗೆ ಮೊಬೈಲ್ ನೋಡುವವರಿಗೆ ಒಳ್ಳೆಯ ಬುದ್ಧಿ ಕೊಡು’ ಎಂದು ಅಪ್ಪ ಬೇಡುವಾಗ ವಿಳಾಸ ಪರಲೋಕದ್ದಾದರೂ ಪತ್ರ ಬಟವಾಡೆಯಾಗುವುದು ಪಕ್ಕದ ಕುರ್ಚಿಗೆ. ಮರುದಿನ ಅಮ್ಮನ ಸರದಿ ಬಂದಾಗ, ಬೇಗ ಕೋಪ ಮಾಡಿಕೊಳ್ಳುವವರಿಗಾಗಿಯೂ ಪ್ರಾರ್ಥನೆ ಸಲ್ಲುತ್ತದೆ.

ಒಟ್ಟಿಗೆ ಪ್ರಾರ್ಥಿಸುವ ಕುಟುಂಬ ಒಟ್ಟಿಗೆ ಉಳಿಯುತ್ತದೆಂಬ ಮಾತು ಅನೇಕ ಕ್ರೈಸ್ತ ಮನೆಗಳ ಗೋಡೆಯ ಮೇಲಿದೆ. ಬೈಬಲಿನದ್ದೆಂದು ನಂಬಿದವರೂ ಉಂಟು. ಅದು ಅಮೆರಿಕದ ಜಾಹೀರಾತು ಬರಹಗಾರ ಆಲ್ ಸ್ಕಾಲ್ಪೋನ್ ಕಟ್ಟಿದ್ದು. ಐರ್ಲೆಂಡಿನಲ್ಲಿ ಹುಟ್ಟಿದ ಪಾದ್ರಿ ಪ್ಯಾಟ್ರಿಕ್ ಪೇಟನ್ 1940ರ ದಶಕದಲ್ಲಿ ನಡೆಸಿದ ಜಪಸರ ಪ್ರಚಾರದ ರೇಡಿಯೋ ಕಾರ್ಯಕ್ರಮದಿಂದ ಅದು ಹಬ್ಬಿತು. ಸಾಬೂನು ಮಾರುವವರ ಕಸುಬು ಇಲ್ಲಿ ಕೈಕೊಟ್ಟಿಲ್ಲ: ಮನೆ ತುಂಬಾ ಜನ ಮೊಣಕಾಲೂರಿದಾಗ ‘ಇವತ್ತು ಮನಸ್ಸಿದೆಯೇ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಭ್ಯಾಸದ ಮುಕ್ಕಾಲು ಬಲ ಆ ಕೇಳದಿರುವುದರಲ್ಲಿದೆ.

ಪೀಜಿಯಲ್ಲಿ ಒಬ್ಬನೇ ಇರುವವನಿಗೆ ಅಜ್ಜಿಯ ಬದಲು ಫೋನಿದೆ. ಪ್ರಾರ್ಥನೆಯ ಆ್ಯಪ್ ಬೆಳಿಗ್ಗೆ ಆರಕ್ಕೆ ಕಿಣಿಗುಟ್ಟುತ್ತದೆ. ಬೆರಳು ತಾಗಿಸಿದರೆ ವಾಕ್ಯ, ಅದರ ಮೇಲೆ ಬಂದು ಕೂತ ಕ್ರಿಕೆಟ್ ಸ್ಕೋರು, ಅದರ ಬೆನ್ನಿಗೆ ರೀಲ್ಸ್. ಐದು ಗಂಟೆಗೆ ಫೋನಿನಲ್ಲೇ ಕೂಡುವ ಪ್ರಾರ್ಥನಾ ಗುಂಪುಗಳು ಇದಕ್ಕಿಂತ ಮೇಲು. ಮ್ಯೂಟ್ ಮಾಡಲು ಮರೆತ ಸದಸ್ಯರ ಗೊರಕೆ ಮಧ್ಯಸ್ಥ ಪ್ರಾರ್ಥನೆಯ ನಡುವೆ ಸ್ಪಷ್ಟವಾಗಿ ಕೇಳಿಸುತ್ತದೆ, ಅವರ ಹಾಜರಿಯೂ ಹಾಗೆಯೇ ದಾಖಲಾಗುತ್ತದೆ.

ಅಭ್ಯಾಸ ಕೂರಲು 21 ದಿನ ಸಾಕೆಂಬುದು ಜನಪ್ರಿಯ ಲೆಕ್ಕ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಹತ್ತಿರಹತ್ತಿರ 66 ದಿನವೆಂದು ಕಂಡಿತು. ಜನರಿಂದ ಜನರಿಗೆ 18ರಿಂದ 254 ದಿನಗಳವರೆಗೆ ಅಂತರವಿತ್ತು. ಅವರು ನೋಡಿದ್ದು ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು ಇಂಥವನ್ನು, ಪ್ರಾರ್ಥನೆಯನ್ನಲ್ಲ. ಆದರೂ ವಿಭೂತಿ ಬುಧವಾರ ಆರಂಭಿಸಿದವನಿಗೆ 66ನೇ ದಿನ ಬರುವುದು ಈಸ್ಟರ್ ಕಳೆದು ಮೂರನೇ ವಾರದಲ್ಲಿ. ಅಷ್ಟರಲ್ಲಿ ಹಬ್ಬದ ಸಾನ್ನ ಮತ್ತು ಹಂದಿಮಾಂಸ ತಮ್ಮ ಕೆಲಸ ಮಾಡಿ ಮುಗಿಸಿರುತ್ತವೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟಾಗುವುದಿಲ್ಲವೆಂದೂ ಅದೇ ಅಧ್ಯಯನ ಹೇಳುತ್ತದೆ. ತಪ್ಪಿದ ನಾಲ್ಕು ದಿನದ ಜಪಸರವನ್ನು ಭಾನುವಾರ ಒಂದೇ ಕೂಟಕ್ಕೆ, ಕರೆಂಟ್ ಬಿಲ್ಲಿನ ಬಾಕಿಯಂತೆ ಕಟ್ಟಿ ಮುಗಿಸುವವರು ಇದನ್ನು ಗಮನಿಸಬಹುದು.

ಹೆಚ್ಚು ತಪ್ಪುವುದು ಪ್ರಯಾಣದಲ್ಲಿ. ಅದಕ್ಕೂ ಬೆನೆಡಿಕ್ಟರ ನಿಯಮವಿದೆ: ದೂರದ ಕೆಲಸಕ್ಕೆ ಹೋದವರು, ದಾರಿಯಲ್ಲಿರುವವರು ಎಲ್ಲಿದ್ದಾರೋ ಅಲ್ಲೇ ಆ ಹೊತ್ತಿನ ಪ್ರಾರ್ಥನೆ ಮುಗಿಸಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿಯ ತಿರುವುಗಳೇ ಅರ್ಧ ಭಕ್ತಿಯನ್ನು ಒದಗಿಸುತ್ತವೆ. ಜಪಸರ ಬ್ಯಾಗಿನ ತಳದಲ್ಲಿ ಸಿಕ್ಕಿಕೊಂಡರೂ ಚಿಂತೆಯಿಲ್ಲ, ಒಂದು ರಹಸ್ಯಕ್ಕೆ ಹತ್ತು ಬೆರಳು ಸರಿಹೋಗುತ್ತವೆ. ಏಳನೆಯದರಲ್ಲಿರುವಾಗ ಕಂಡಕ್ಟರ್ ಬಂದು ಟಿಕೆಟ್ ಕೇಳಿದರೆ ಮತ್ತೆ ಹೆಬ್ಬೆರಳಿನಿಂದ ಶುರುಮಾಡಬೇಕಾಗುತ್ತದೆ, ಅಷ್ಟೆ.